ತುತ್ತ ಅಸಲಿಯಾದರೆ ಸಾಕೇ?

ಮೇ ತಿಂಗಳು ಬಂತೆಂದರೆ ಸಕಲೇಶಪುರದ ಗೊಬ್ಬರದಂಗಡಿಗಳ ಮುಂದೆ ಜೀಪು, ಪಿಕಪ್ಪುಗಳ ಸಾಲು. ಮುಂಗಾರು ಹಿಡಿಯುವ ಮೊದಲು ಕಾಫಿಗೆ ಒಂದು ಸುತ್ತು ಬೋರ್ಡೋ (ತಾಮ್ರದ ಲವಣವಾದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಔಷಧಿ) ಆಗಬೇಕು, ಅಡಿಕೆ ಗೊನೆಗೆ ಆಗಬೇಕು, ಮೆಣಸಿನ ಬಳ್ಳಿಗೆ ಆಗಬೇಕು. ಅಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಬೆಲೆಯದಲ್ಲ. "ತುತ್ತ ಒರಿಜಿನಲ್ಲೇನ್ರೀ? ಹೋದ್ಸಲದ್ದು ಡೂಪ್ಲಿಕೇಟು, ಹೊಡೆದಿದ್ದೆಲ್ಲ ದಂಡ." ಅಂಗಡಿಯವರು ಚೀಲದ ಮೇಲಿನ ಶೇಕಡಾವಾರು ತೋರಿಸುತ್ತಾರೆ, ನಾಲ್ಕು ಹರಳು ಅಂಗೈಗೆ ಸುರಿದು ಬಣ್ಣ ತೋರಿಸುತ್ತಾರೆ. ನೀಲಿ ಒಪ್ಪಿಗೆಯಾದರೆ ಚೀಲ ಜೀಪಿಗೆ ಏರುತ್ತದೆ. ಜೊತೆಗೊಂದು ಮೂಟೆ ಸುಣ್ಣ. ಕೈಗವಸು, ಕನ್ನಡಕ ಕೇಳಿದವರನ್ನು ನಾನಂತೂ ಕಂಡಿಲ್ಲ.

ಈ ವ್ಯಾಪಾರದ ಹಿಂದೊಂದು ನಂಬಿಕೆಯಿದೆ. ಹಾನುಬಾಳಿನಿಂದ ಆಲೂರಿನ ಮಗ್ಗೆಯವರೆಗೆ ದೊಡ್ಡ ಎಸ್ಟೇಟಿನವರೂ ಎರಡೆಕರೆಯವರೂ ಅದರಲ್ಲಿ ಒಂದೇ ಪಂಗಡ. ಸುಣ್ಣ ನಾವು ಎಲೆಅಡಿಕೆಗೆ ಹಚ್ಚಿ ತಿನ್ನುವಂಥದು, ತಾಮ್ರ ನಾವು ನೀರು ಕುಡಿಯುವ ಚೊಂಬಿನದು. ಅಂಗಳದಲ್ಲಿ ನಾವೇ ಕಲಸಿದ್ದು, ತಾತನ ಕಾಲದಿಂದ ಬಂದದ್ದು. ಇದರಲ್ಲಿ ಅಪಾಯವೆಂಥದು? ಅಪಾಯವೇನಿದ್ದರೂ ಕಲಬೆರಕೆಯಲ್ಲಿದೆ, ಇಲ್ಲವೇ ಕಂಪನಿಯ ಬಾಟಲಿಯಲ್ಲಿದೆ. ಸರಕು ಶುದ್ಧವಾಗಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಈ ನಂಬಿಕೆ ತಪ್ಪು. ಸರಕಿನ ಶುದ್ಧತೆಗೂ ಔಷಧಿಯ ಗುಣಕ್ಕೂ ಇರುವ ನಂಟು ನಾವಂದುಕೊಂಡಷ್ಟು ಗಟ್ಟಿಯಲ್ಲ. ಸರಕಿನ ಶುದ್ಧತೆಗೂ ಕಲಸುವವನ ಕ್ಷೇಮಕ್ಕೂ ನಂಟೇ ಇಲ್ಲ. ಇದ್ದರೆ ಅದು ತಿರುಗುಮುರುಗಾದ ನಂಟು. ಶುದ್ಧವಾದಷ್ಟೂ ತುತ್ತ, ಸುಣ್ಣಗಳೆರಡೂ ಹೆಚ್ಚು ಅಪಾಯಕಾರಿ.

ಮೊದಲು ಬೆಳೆಗಾರರ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡೋಣ. ಬೋರ್ಡೋ ನಮ್ಮ ಮಲೆನಾಡಿಗೆ ಮಾಡಿದ ಉಪಕಾರ ಸಣ್ಣದಲ್ಲ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನುಹತ್ತಿ, ಅದಕ್ಕೆ ಬೋರ್ಡೋ ಮದ್ದೆಂದು ಬೆಳೆಗಾರರಿಗೆ ತೋರಿಸಿಕೊಟ್ಟರು. ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದ ಸೀಮೆಗೆ ಅದು ದೊಡ್ಡ ಬಲವಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಇವತ್ತಿಗೂ ಅರೇಬಿಕಾದ ಎಲೆ ತುಕ್ಕಿಗೆ ಶೇಕಡಾ 0.5ರ ಬೋರ್ಡೋ, ಕಾಫಿಯ ಕೊಳೆರೋಗಕ್ಕೂ ಅಡಿಕೆಗೂ ಮೆಣಸಿಗೂ ಶೇಕಡಾ 1ರದು, ಮೆಣಸಿನ ಬಳ್ಳಿಯ ಬುಡಕ್ಕೆ ಬಳಿಯಲು ಶೇಕಡಾ 10ರ ಮುಲಾಮು. ಆಯಾ ದಿನ ಕಲಸಿ ಹೊಡೆದ ಬೋರ್ಡೋ ಎಲೆಗೆ ಕಚ್ಚಿಕೊಂಡು ನಮ್ಮ ಜಡಿಮಳೆಯನ್ನು ತಡೆದುಕೊಳ್ಳುವಷ್ಟು ಪ್ಯಾಕೆಟ್ಟಿನ ತಾಮ್ರದ ಪುಡಿ ತಡೆಯುವುದಿಲ್ಲ. ಹಾಗಾಗಿ ಮನೆಯಲ್ಲಿ ಕಲಸುವುದನ್ನೇ ನಿಲ್ಲಿಸಿ ಎಂದು ನಾನು ವಾದಿಸುತ್ತಿಲ್ಲ. ರಸಾಯನಶಾಸ್ತ್ರದ ಕೆಲಸವನ್ನು ಅಡುಗೆ ಕೆಲಸವೆಂದು ತಿಳಿದಿರುವುದರ ಮೇಲೆ ನನ್ನ ತಕರಾರು.

ಶುದ್ಧತೆಯ ಲೆಕ್ಕ ನೋಡೋಣ. ಕಲಬೆರಕೆ ಸುಳ್ಳಲ್ಲ. ಮೈಲುತುತ್ತಕ್ಕೆ ಅಗ್ಗದ ಅನ್ನಭೇದಿ, ಎಂದರೆ ಕಬ್ಬಿಣದ ಸಲ್ಫೇಟು, ಬೆರೆಸುವುದು ಹಳೆಯ ಮೋಸ. ಅಸಲಿ ಹರಳಿನಲ್ಲಿ ತೂಕದ ಕಾಲುಭಾಗದಷ್ಟು, ಶೇಕಡಾ 25.4, ತಾಮ್ರವಿರುತ್ತದೆ. ಅನ್ನಭೇದಿ ಬೆರೆತಷ್ಟೂ ತಾಮ್ರ ಕಡಿಮೆಯಾಗಿ ಔಷಧಿಯ ಬಲ ಕುಗ್ಗುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವೂ ಅಲ್ಲ. ಚಿಟಿಕೆ ಹರಳನ್ನು ನೀರಲ್ಲಿ ಕರಗಿಸಿ ಅಮೋನಿಯಾ ದ್ರಾವಣ ಧಾರಾಳವಾಗಿ ಬೆರೆಸಿದರೆ ತಾಮ್ರ ಕಡುನೀಲಿಯಾಗಿ ಕರಗಿಕೊಳ್ಳುತ್ತದೆ; ಕಬ್ಬಿಣ ಕೊಳಕು ಹಸಿರು, ಕಂದು ಗಸಿಯಾಗಿ ತಳಕ್ಕಿಳಿಯುತ್ತದೆ. ಯಾವ ಪಿಯು ಕಾಲೇಜಿನ ಲ್ಯಾಬಿನಲ್ಲಾದರೂ ಹತ್ತು ನಿಮಿಷದ ಕೆಲಸ. ಶುದ್ಧತೆಯ ಚಿಂತೆ ನಿಜವಾಗಿದ್ದಿದ್ದರೆ ಈ ಪರೀಕ್ಷೆ ನಮ್ಮಲ್ಲಿ ಮಾಮೂಲಾಗಬೇಕಿತ್ತು. ಆಗಿಲ್ಲ. ನಾವು ಅಂಗೈಯಲ್ಲಿ ಬಣ್ಣ ನೋಡುತ್ತೇವೆ, ಬ್ರ್ಯಾಂಡಿನ ಹೆಸರು ಓದುತ್ತೇವೆ, ರೋಗ ಬಂದಾಗ ಅಂಗಡಿಯನ್ನು ಬೈಯುತ್ತೇವೆ.

ಇನ್ನು ಸುಣ್ಣ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಒಂದು ಕಿಲೋ ತುತ್ತದ ತಾಮ್ರವನ್ನೆಲ್ಲ ಹಿಡಿದು ಗಟ್ಟಿ ಮಾಡಲು ಲೆಕ್ಕದ ಪ್ರಕಾರ ಬೇಕಾಗುವುದು ಸುಮಾರು 225 ಗ್ರಾಂ ಶುದ್ಧ ಸುಟ್ಟ ಸುಣ್ಣ. ಸೂತ್ರದಲ್ಲಿರುವುದು ಅದರ ನಾಲ್ಕು ಪಟ್ಟು. ಸುಣ್ಣ ಗಾಳಿ ಕುಡಿದು ಸತ್ತಿರಬಹುದು, ಕಲ್ಲು ಮಣ್ಣು ಬೆರೆತಿರಬಹುದು ಎಂಬುದಕ್ಕೆಲ್ಲ ಈ ಸೂತ್ರದಲ್ಲಿ ಜಾಗವಿದೆ. ಅಂದರೆ ಒಂದಕ್ಕೊಂದು ಎಂಬುದು ಅಂದಾಜು ಅಳತೆ. ಕಲಸಿದ್ದು ಸರಿಯಾಗಿದೆಯೋ ಇಲ್ಲವೋ ಹೇಳಬೇಕಾದದ್ದು ಕೊನೆಯ ಪರೀಕ್ಷೆ. ಸುಣ್ಣ ಸಾಲದಿದ್ದರೆ ತಾಮ್ರ ಬಿಡಿಯಾಗಿ ಉಳಿದು ಎಳೆ ಎಲೆ ಸುಡುತ್ತದೆ. ಹೆಚ್ಚಾದರೆ ಡ್ರಮ್ಮಿನಲ್ಲಿ ತೀಕ್ಷ್ಣ ಕ್ಷಾರ ಉಳಿದು ಹೊಡೆಯುವವನ ಚರ್ಮ ಸುಡುತ್ತದೆ. ಮೊದಲನೆಯದು ಗಿಡದಲ್ಲಿ ಕಾಣುವುದರಿಂದ ಅದಕ್ಕೆ ಹೆದರುತ್ತೇವೆ. ಎರಡನೆಯದು ಆಳಿನ ಮೈಮೇಲೆ ಕಾಣುವುದರಿಂದ "ಸುಣ್ಣ ಮುಂದಾದರೆ ಒಳ್ಳೇದೇ ಬಿಡಿ" ಎನ್ನುತ್ತೇವೆ.

ಆ ಕೊನೆಯ ಪರೀಕ್ಷೆ ನಮ್ಮಲ್ಲಿ ಹೇಗೆ ನಡೆಯುತ್ತದೆಂಬುದನ್ನು ಹತ್ತಿರ ನಿಂತು ನೋಡಬೇಕು. ಹೊಳೆಯುವ ಕಬ್ಬಿಣವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರದ ಲೇಪ ಹಿಡಿದರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಪುಸ್ತಕದಲ್ಲಿ ಚಾಕು ಎಂದಿರುತ್ತದೆ. ಪುಸ್ತಕ ಬರೆದ ಕಾಲದ ಚಾಕು ತುಕ್ಕು ಹಿಡಿಯುವ ಕಬ್ಬಿಣದ್ದು. ಈಗ ಅಡುಗೆಮನೆಯಿಂದ ಬರುವುದು ಸ್ಟೇನ್‌ಲೆಸ್ ಸ್ಟೀಲ್. ಅದರ ಮೇಲೆ ತಾಮ್ರ ಸುಲಭಕ್ಕೆ ಕೂರುವುದಿಲ್ಲ. ಹಾಗಾಗಿ ಎಷ್ಟೇ ಹುಳಿ ದ್ರಾವಣದಲ್ಲಿ ಅದ್ದಿದರೂ ಚಾಕು ಬೆಳ್ಳಗೇ ಹೊರಬರುತ್ತದೆ, ತೋಟದ ರೈಟರು "ಪಾಸ್" ಎನ್ನುತ್ತಾರೆ, ಚಾಕು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು ವಾಪಸು ಈರುಳ್ಳಿ ಹೆಚ್ಚಲು ಹೋಗುತ್ತದೆ. ಶುದ್ಧ ತುತ್ತ, ಶುದ್ಧ ಸುಣ್ಣ, ಅರ್ಥವಿಲ್ಲದ ಪರೀಕ್ಷೆ. ಹತ್ತು ರೂಪಾಯಿಯ ಕಬ್ಬಿಣದ ಮೊಳೆಯನ್ನು ಮರಳುಕಾಗದದಿಂದ ಉಜ್ಜಿ ಅದ್ದಿದ್ದರೆ ಸಾಕಾಗುತ್ತಿತ್ತು.

ಕಬ್ಬಿಣದ ಡ್ರಮ್ಮಿನಲ್ಲಿ ತುತ್ತ ಕರಗಿಸುವವರಿದ್ದಾರೆ. ಅಲ್ಲಿ ತಾಮ್ರ ಡ್ರಮ್ಮಿನ ಗೋಡೆಗೆ ಹೋಗಿ ಕೂರುತ್ತದೆ, ಗಿಡಕ್ಕೆ ಹೋಗುವುದಿಲ್ಲ. ಎರಡನ್ನೂ ಬೇರೆಬೇರೆಯಾಗಿ ನೀರು ಮಾಡಿಕೊಂಡು ಬೆರೆಸುವ ಬದಲು ಗಟ್ಟಿಗಟ್ಟಿಯಾಗಿ ಸುರಿದು ಆಮೇಲೆ ನೀರು ತುಂಬುವವರಿದ್ದಾರೆ. ಆಗ ಕಣ ದಪ್ಪಗಾಗಿ ನಾಜಲ್ ಕಟ್ಟುತ್ತದೆ, ಎಲೆಗೆ ಅಂಟುವುದಿಲ್ಲ. ಬೆಳಿಗ್ಗೆ ಕಲಸಿದ ಮೇಲೆ ಮಳೆ ಹಿಡಿದರೆ ಡ್ರಮ್ಮಿಗೆ ಟಾರ್ಪಲ್ ಮುಚ್ಚಿ ಮರುದಿನ ಹೊಡೆಯುವವರಂತೂ ಊರಿಗೆ ಹತ್ತು ಜನ. ಅದೇ ದಿನ ಮುಗಿಸಬೇಕಾದ ಮಿಶ್ರಣ ರಾತ್ರಿ ಕಳೆದರೆ ಹರಳುಗಟ್ಟಿ ಅಂಟು ಕಳೆದುಕೊಳ್ಳುತ್ತದೆ. ಇದ್ಯಾವುದರಲ್ಲೂ ಕಲಬೆರಕೆಯ ಪಾತ್ರವಿಲ್ಲ. ರೋಗ ಬಂದಾಗ ಮಾತ್ರ ಅಪವಾದವೆಲ್ಲ ಕಲಬೆರಕೆಯ ತಲೆಗೆ.

ಈಗ ಕ್ಷೇಮದ ವಿಚಾರ. ಮೈಲುತುತ್ತ ಹೊಟ್ಟೆಗೆ ಹೋದರೆ ವಯಸ್ಕರಿಗೆ 10ರಿಂದ 20 ಗ್ರಾಂ ಮಾರಕವೆಂದು ವೈದ್ಯಗ್ರಂಥಗಳು ಹೇಳುತ್ತವೆ. ಅಷ್ಟೆಂದರೆ ಎರಡು ಮೂರು ಚಮಚ. ಕರುಳು ಸುಟ್ಟು, ರಕ್ತಕಣ ಒಡೆದು, ಮೂತ್ರಪಿಂಡ ಸೋಲುತ್ತದೆ. ಮಗುವಿಗೆ ಇನ್ನೂ ಕಡಿಮೆ ಸಾಕು, ಆ ನೀಲಿಯೋ ಮಕ್ಕಳ ಕಣ್ಣು ಸೆಳೆಯುವಂಥದು. ಶುದ್ಧ ಹರಳಿಗೆ ನೀಲಿಯೂ ಹೆಚ್ಚು, ವಿಷವೂ ಹೆಚ್ಚು. ಕಂಪನಿಯ ಕೀಟನಾಶಕದ ಮೇಲೆ ಕೆಂಪೋ ಹಳದಿಯೋ ತ್ರಿಕೋನ ಮುದ್ರೆಯಾದರೂ ಇರುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಪ್ಲಾಸ್ಟಿಕ್ ಕವರಿಗೆ ಕಟ್ಟಿಕೊಟ್ಟ ಎರಡು ಕಿಲೋ ತುತ್ತದ ಮೇಲೆ ಏನೂ ಇರುವುದಿಲ್ಲ. ಅದು ಉಗ್ರಾಣದಲ್ಲಿ ಬೂಸಾ ಚೀಲದ ಪಕ್ಕದಲ್ಲೇ ಕೂರುತ್ತದೆ.

ಸುಣ್ಣದ ಕಥೆ ಇನ್ನೂ ಹತ್ತಿರದ್ದು. ಸತ್ತ ಸುಣ್ಣಕ್ಕೆ ನೀರು ಹಾಕಿದರೆ ಏನೂ ಆಗುವುದಿಲ್ಲ. ಒಳ್ಳೆಯ ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಮೊದಲು ಒಂದು ಕ್ಷಣ ಸುಮ್ಮನಿರುತ್ತದೆ. ಆಮೇಲೆ ಹೆಂಟೆ ಬಿರಿಯುತ್ತದೆ, ಆವಿ ಏಳುತ್ತದೆ, ಡ್ರಮ್ಮು ಮುಟ್ಟಲಾಗದಷ್ಟು ಕಾಯುತ್ತದೆ, ಗಂಜಿಯಂಥ ಬಿಳಿ ಬಗ್ಗಡ ಕೊತಕೊತ ಕುದಿದು ಅಂಚಿನಿಂದಾಚೆ ಸಿಡಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ಕೋಲು ಹಿಡಿದವನು ಬಗ್ಗಿ ಒಳಗೆ ನೋಡುತ್ತಿರುತ್ತಾನೆ, ಗಂಟು ಒಡೆಯಿತೋ ಇಲ್ಲವೋ ಎಂದು. ಕ್ಷಾರ ಕಣ್ಣಿಗೆ ಬಿದ್ದರೆ ಆಮ್ಲಕ್ಕಿಂತ ಕೆಟ್ಟದ್ದು. ಆಮ್ಲ ಮೇಲ್ಪದರವನ್ನು ಸುಟ್ಟು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ, ಕ್ಷಾರ ಅಂಗಾಂಶವನ್ನು ಕರಗಿಸುತ್ತ ಒಳಗಿಳಿಯುತ್ತದೆ. ಸುಣ್ಣದ ಕಣ ರೆಪ್ಪೆಯಡಿ ಸಿಕ್ಕಿಕೊಂಡು ತೊಳೆದ ಮೇಲೂ ಸುಡುತ್ತಲೇ ಇರುತ್ತದೆ. ಎಲೆಅಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಕಣ್ಣು ಕಳೆದುಕೊಂಡ ಮಕ್ಕಳ ಪ್ರಕರಣಗಳನ್ನು ಭಾರತದ ಕಣ್ಣಿನ ವೈದ್ಯರು ಮತ್ತೆಮತ್ತೆ ದಾಖಲಿಸಿದ್ದಾರೆ. ಅದು ತಣ್ಣಗಿನ ಸುಣ್ಣ. ಇದು ಕುದಿಯುವ ಸುಣ್ಣ.

ಬಿದ್ದ ತಕ್ಷಣ ಮಾಡಬೇಕಾದದ್ದು ಒಂದೇ: ರೆಪ್ಪೆ ಬಿಡಿಸಿ ಹಿಡಿದು, ಕಾಣುವ ಕಣ ತೆಗೆದು, ಧಾರೆ ನೀರಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯುವುದು, ಆಮೇಲೆ ಆಸ್ಪತ್ರೆ. ನಮ್ಮಲ್ಲಿ ಹರಳೆಣ್ಣೆ ಬಿಡುತ್ತಾರೆ, ಹಾಲು ಬಿಡುತ್ತಾರೆ, ಜೀಪು ಹುಡುಕುತ್ತಾರೆ. ಹೆತ್ತೂರು, ಯಸಳೂರು ಕಡೆಯಿಂದ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಮುಟ್ಟಿ, ಅಲ್ಲಿಂದ ಹಾಸನಕ್ಕೆ ಹೋಗುವ ಹೊತ್ತಿಗೆ ಸುಣ್ಣ ತನ್ನ ಕೆಲಸ ಮುಗಿಸಿರುತ್ತದೆ. ಆ ಕಣ್ಣು ಉಳಿಯುವುದು ಡ್ರಮ್ಮಿನ ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರಿತ್ತೇ ಎಂಬುದರ ಮೇಲೆ. ಇಡೀ ಪ್ರಕರಣದಲ್ಲಿ ಶುದ್ಧತೆಗೆ ಬೆಲೆಯಿರುವ ಜಾಗ ಅದೊಂದೇ.

"ನಮ್ಮ ತಾತ ಹೊಡೆದರು, ನಮ್ಮಪ್ಪ ಹೊಡೆದರು, ಯಾರಿಗೇನಾಯ್ತು?" ಎಂಬ ವಾದಕ್ಕೆ ಬರೋಣ. ಯಾರಿಗೇನಾಯಿತೆಂದು ನೋಡಿದವರು ಯಾರು? ಈ ಮಿಶ್ರಣ ಹುಟ್ಟಿದ ಕಥೆಯನ್ನೇ ಕೇಳಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿ ಬದಿಯ ದ್ರಾಕ್ಷಿ ಬಳ್ಳಿಗಳಿಗೆ ತುತ್ತ ಸುಣ್ಣ ಎರಚುತ್ತಿದ್ದರು. ನೋಡಿದರೇ ವಿಷವೆನಿಸಿ ಹೆದರಬೇಕು ಎಂಬುದೇ ಉದ್ದೇಶ. ಆ ಬಳ್ಳಿಗಳಿಗೆ ಬೂಷ್ಟು ರೋಗ ಬಾರದ್ದನ್ನು 1882ರಲ್ಲಿ ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಕಳ್ಳರನ್ನು ಹೆದರಿಸಲು ಬಳಸಿದ್ದನ್ನು ನಾವು ಬರಿಗೈಯಲ್ಲಿ ಕದಡಿ "ಏನೂ ಆಗಲ್ಲ" ಎನ್ನುತ್ತಿದ್ದೇವೆ. ಯುರೋಪಿನ ದ್ರಾಕ್ಷಿ ತೋಟದವರೂ ಮೂರು ತಲೆಮಾರು ಹಾಗೆಯೇ ಅಂದರು. 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ಬೋರ್ಡೋ ಹೊಡೆಯುವ ಕೂಲಿಗಳ ಶ್ವಾಸಕೋಶ ಪರೀಕ್ಷಿಸಿದಾಗ ಅಲ್ಲಿ ತಾಮ್ರ ಸೇರಿಕೊಂಡು ಗಂಟುಕಟ್ಟಿದ್ದು ಕಂಡಿತು. ದ್ರಾಕ್ಷಿ ಔಷಧಿ ಹೊಡೆಯುವವರ ಶ್ವಾಸಕೋಶದ ಕಾಯಿಲೆ ಎಂದೇ ಅದಕ್ಕೆ ಹೆಸರಾಯಿತು. ಮಿಲಾರ್ಡೆ ಪ್ರಕಟಿಸಿ ಆಗಲೇ 84 ವರ್ಷ ಕಳೆದಿತ್ತು. ಅಷ್ಟು ವರ್ಷ ಯಾರಿಗೂ ಏನೂ ಆಗಿರಲಿಲ್ಲ ಎಂದಲ್ಲ, ಯಾರೂ ನೋಡಿರಲಿಲ್ಲ. ಮೂವತ್ತು ವರ್ಷ ಔಷಧಿ ಹೊಡೆದು ಕೆಮ್ಮುತ್ತಾ ಸತ್ತ ಮೇಸ್ತ್ರಿಗೆ ನಮ್ಮೂರಲ್ಲಿ ಬೀಡಿಯ ಹೆಸರು ಹೇಳಿ ಮುಗಿಸುತ್ತೇವೆ. ಬೀಡಿಯೇ ಇರಬಹುದು. ಬೋರ್ಡೋ ಅಲ್ಲ ಎನ್ನಲು ನಮ್ಮ ಬಳಿ ಇರುವ ಪುರಾವೆಯೇನು?

ತಾಮ್ರದ ಚೊಂಬಿನ ವಾದ ಇನ್ನೂ ಪೊಳ್ಳು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಶೇಕಡಾ 1ರ ಬೋರ್ಡೋದ ಒಂದು ಲೀಟರಿನಲ್ಲಿರುವುದು ಸುಮಾರು 2,500 ಮಿಲಿಗ್ರಾಂ. ಸಾವಿರದ ಇನ್ನೂರು ಪಟ್ಟಿಗೂ ಮೇಲಿರುವ ಈ ಅಂತರವನ್ನು ಚೊಂಬು ತೋರಿಸಿ ಮುಚ್ಚಲಾಗದು. ಆ ತಾಮ್ರ ಹೊಡೆದ ಮೇಲೆ ಮಾಯವಾಗುವುದೂ ಇಲ್ಲ. ಕೀಟನಾಶಕಗಳಲ್ಲಿ ಬಹಳಷ್ಟು ಕಾಲಕ್ರಮೇಣ ಕಳಿತು ಒಡೆಯುತ್ತವೆ, ತಾಮ್ರ ಒಡೆಯುವ ವಸ್ತುವಲ್ಲ. ಹೆಕ್ಟೇರಿಗೆ ಸಾವಿರ ಲೀಟರ್ ಶೇಕಡಾ 1ರ ಬೋರ್ಡೋ ಹೊಡೆದರೆ ಎರಡೂವರೆ ಕಿಲೋ ತಾಮ್ರ ಆ ನೆಲಕ್ಕೆ ಇಳಿಯುತ್ತದೆ. ಯುರೋಪಿನ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ, ಎಂದರೆ ವರ್ಷಕ್ಕೆ ಸರಾಸರಿ ನಾಲ್ಕು ಕಿಲೋ ಮಿತಿ ಹಾಕಿದೆ. ಆ ಕಾನೂನು ನಮಗೆ ಅನ್ವಯಿಸುವುದಿಲ್ಲ, ಸರಿ. ಆದರೆ ನಮ್ಮ ತೋಟ ದ್ರಾಕ್ಷಿ ತೋಟದಂತೆ ಒಂದೇ ಬೆಳೆಯದಲ್ಲ. ಮೇಲೆ ಅಡಿಕೆ, ಮರಕ್ಕೆ ಹಬ್ಬಿದ ಮೆಣಸು, ನಡುವೆ ಕಾಫಿ, ತಗ್ಗಿನಲ್ಲಿ ಏಲಕ್ಕಿ. ನಾಲ್ಕಕ್ಕೂ ಬೇರೆಬೇರೆ ಸುತ್ತಿನ ಬೋರ್ಡೋ. ಉದುರುವುದು ಅದೇ ಒಂದೆಕರೆ ಮಣ್ಣಿಗೆ, ಅದೇ ಎರೆಹುಳುವಿನ ಮೇಲೆ. ಡ್ರಮ್ಮು ತೊಳೆದ ನೀರು ಹಳ್ಳಕ್ಕೆ, ಹಳ್ಳ ಹೇಮಾವತಿಗೆ. ತಾಮ್ರದ ವಿಷ ಮೀನಿಗೆ ಗಡಸು ನೀರಿಗಿಂತ ಮೆದು ನೀರಿನಲ್ಲಿ ಹೆಚ್ಚು ತಾಗುತ್ತದೆ, ನಮ್ಮ ಮಲೆಯ ಹಳ್ಳದ ನೀರೋ ಬಹಳ ಮೆದು. ಹೀಗೆ ಬಿದ್ದ ತಾಮ್ರವೂ ಅಸಲಿ ತುತ್ತದ್ದೇ.

ಇತ್ತೀಚೆಗೆ ಇದೇ ನಂಬಿಕೆ ಹೊಸ ವೇಷ ತೊಟ್ಟು ಬಂದಿದೆ. ರಾಸಾಯನಿಕ ಬೇಡವೆನ್ನುವವರು ಅಗ್ನಿಅಸ್ತ್ರ ಕಾಯಿಸುತ್ತಾರೆ: ಗಂಜಲ, ಬೇವು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹೊಗೆಸೊಪ್ಪು. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುವ ವಿಷ. ಹಸಿ ಹೊಗೆಸೊಪ್ಪು ಕೊಯ್ಯುವವರಿಗೆ ತಲೆಸುತ್ತು, ವಾಂತಿ ತರುವ ಕಾಯಿಲೆಯನ್ನು ವೈದ್ಯಶಾಸ್ತ್ರ ಗುರುತಿಸಿ ಬಹಳ ಕಾಲವಾಯಿತು. ಹಳೆಯ ಗಂಜಲ ಕ್ಷಾರವಾಗಿರುತ್ತದೆ, ಕ್ಷಾರದಲ್ಲಿ ನಿಕೋಟಿನ್ ಇನ್ನೂ ಸಲೀಸಾಗಿ ಚರ್ಮ ದಾಟುತ್ತದೆ. ಒಲೆ ಊದುತ್ತ ಅದರ ಹಬೆಗೆ ಮುಖವೊಡ್ಡಿ ಕೂತವರಿಗೆ "ಇದು ನೈಸರ್ಗಿಕ" ಎಂಬ ಮಾತು ರಕ್ಷಣೆಯಲ್ಲ. ಇನ್ನೊಂದು ಕಡೆ, ಕೂಲಿ ಉಳಿಸಲು ಬೋರ್ಡೋಗೇ ಕೀಟನಾಶಕ ಸುರಿದು ಒಂದೇ ಸಲ ಹೊಡೆಯುವವರು. ಸುಣ್ಣದ ಕ್ಷಾರಕ್ಕೆ ಸಿಕ್ಕ ಆರ್ಗನೋಫಾಸ್ಫೇಟ್ ಕೀಟನಾಶಕ ಒಡೆದು ನಿಷ್ಪ್ರಯೋಜಕವಾಗುತ್ತದೆ. ದುಡ್ಡೂ ಹೋಯಿತು, ಹುಳವೂ ಉಳಿಯಿತು. ಎರಡು ಬಣದವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಪದಾರ್ಥ ಎಲ್ಲಿಂದ ಬಂತೆಂದು ಕೇಳುತ್ತಾರೆ, ಪಾತ್ರೆಯಲ್ಲಿ ಏನಾಗುತ್ತಿದೆಯೆಂದು ಕೇಳುವುದಿಲ್ಲ.

ಇಷ್ಟು ಸುಲಭದ ಸತ್ಯ ನಮಗೆ ಕಾಣದಿರುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಕಲಬೆರಕೆಯಿಂದ ನಷ್ಟ ಬೆಳೆಗಾರನಿಗೆ, ಸುಣ್ಣ ಸಿಡಿದರೆ ನಷ್ಟ ಆಳಿಗೆ. ಕಲಸುವವನು ಎಸ್ಟೇಟಿನ ಲೈನ್ ಮನೆಯವನು, ಈಗೀಗ ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದ ಹುಡುಗ. ಚೀಲದ ಮೇಲೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದದ್ದು ಅವನಿಗೆ ಓದಲು ಬಾರದು. ಮುಂದಿನ ಸೀಜನ್ನಿಗೆ ಅವನು ಬೇರೆ ತೋಟದಲ್ಲಿರುತ್ತಾನೆ, ಅವನ ಕೆಮ್ಮೂ ಅಲ್ಲೇ ಇರುತ್ತದೆ. ಶುದ್ಧತೆಯ ಚರ್ಚೆ ಜೋರಾಗಿ, ಕ್ಷೇಮದ ಚರ್ಚೆ ಮೌನವಾಗಿರುವುದಕ್ಕೆ ಇದೇ ಮೂಲ. ನಷ್ಟ ಯಾರ ಜೇಬಿಗೋ ಅವರ ದನಿಯೇ ಅಂಗಡಿಯಲ್ಲಿ ಕೇಳುತ್ತದೆ. ಎರಡೆಕರೆಯ ಸಣ್ಣ ಬೆಳೆಗಾರನೇ ಆಳೂ ಆಗಿರುವ ಕಡೆ ಈ ಮೌನ ಇನ್ನೂ ವಿಚಿತ್ರ. ಅಲ್ಲಿ ಅವನು ತನ್ನ ಕಣ್ಣಿಗಿಂತ ತನ್ನ ಗಿಡದ ಎಲೆಗೆ ಹೆಚ್ಚು ಬೆಲೆ ಕಟ್ಟಿದ್ದಾನೆ.

"ಮಳೆಯಲ್ಲಿ, ಸೆಕೆಯಲ್ಲಿ, ಇಳಿಜಾರಲ್ಲಿ ಆ ವೇಷ ಹಾಕಿಕೊಂಡು ಯಾರು ಕೆಲಸ ಮಾಡ್ತಾರೆ?" ಎಂಬ ಆಕ್ಷೇಪದಲ್ಲಿ ಹುರುಳಿದೆ. ದಿನವಿಡೀ ರಬ್ಬರ್ ಬಟ್ಟೆ ತೊಟ್ಟು ಅಡಿಕೆ ಮರ ಹತ್ತಲಾಗದು. ಆದರೆ ಅತಿ ದೊಡ್ಡ ಅಪಾಯ ಇರುವುದು ದಿನವಿಡೀ ಅಲ್ಲ, ಸುಣ್ಣ ಅರಳುವ ಹತ್ತು ಹದಿನೈದು ನಿಮಿಷ. ಅಷ್ಟು ಹೊತ್ತು ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಮೊಣಕೈವರೆಗಿನ ಗವಸು ಹಾಕಲು ಯಾವ ಸೆಕೆಯೂ ಅಡ್ಡಿಯಲ್ಲ. ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸುಣ್ಣದ ರಾಶಿಗೆ ನೀರು ಸುರಿಯಬಾರದು, ತಣಿದ ಮೇಲೆ ಸೋಸಬೇಕು. ಪ್ಲಾಸ್ಟಿಕ್ ಡ್ರಮ್ಮು, ಉದ್ದದ ಕೋಲು, ಉಜ್ಜಿದ ಮೊಳೆ, ಪಕ್ಕದಲ್ಲಿ ತೊಳೆಯುವ ನೀರು. ಹೊಡೆಯುವಾಗ ಗಾಳಿಗೆ ಬೆನ್ನು, ಮೂಗಿಗೆ ಸರಿಯಾದ ಮುಖಗವಸು. ಟವೆಲ್ಲು ಸುತ್ತಿದರೆ ಸಾಲದು, ನೆನೆದ ಟವೆಲ್ಲು ಔಷಧಿಯನ್ನು ಮುಖಕ್ಕೇ ಒತ್ತುತ್ತದೆ. ಇದರಲ್ಲಿ ಯಾವುದೂ ಒಂದು ಚೀಲ ತುತ್ತಕ್ಕಿಂತ ದುಬಾರಿಯಲ್ಲ.

ಹೇಳಿಕೊಡುವವರ ಬರವೂ ನಮಗಿಲ್ಲ. ಕಾಫಿ ಮಂಡಳಿಯ ವಿಸ್ತರಣಾ ಸಿಬ್ಬಂದಿ ಇದ್ದಾರೆ, ದೋಣಿಗಾಲಿನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ, ಹಾಸನದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅವರನ್ನು ಕರೆಸುವ ಬೆಳೆಗಾರರ ಸಂಘಗಳು ಕೇಳುವ ಪ್ರಶ್ನೆ ಬದಲಾಗಬೇಕು. ಆನೆ ಹಾವಳಿಗೆ, ಕಾಫಿ ದರಕ್ಕೆ ಬೀದಿಗಿಳಿಯುವ ಸಂಘಗಳಿಗೆ ಈ ಮೂರು ಕೆಲಸ ಭಾರವೇನಲ್ಲ. ಮುಂಗಾರಿಗೆ ಮುಂಚೆ ಹೋಬಳಿಗೊಂದು ದಿನ ತುತ್ತದ ಪರೀಕ್ಷೆ ನಡೆಸಲಿ, ಕಲಬೆರಕೆಯ ಜಗಳ ಅಲ್ಲೇ ತೀರಲಿ. ಅದೇ ದಿನ, ಅದೇ ಮೈದಾನದಲ್ಲಿ, ಮಾಲೀಕರಿಗಲ್ಲ, ಕೋಲು ಹಿಡಿಯುವವರಿಗೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಸುಣ್ಣ ಅರಳಿಸುವುದನ್ನು ತೋರಿಸಲಿ. ಸದಸ್ಯರ ತುತ್ತದ ಬಿಲ್ಲಿನಲ್ಲಿ ಕನ್ನಡಕ, ಗವಸು ಕಡ್ಡಾಯವಾಗಿ ಸೇರಲಿ. ಅಷ್ಟು ಖರ್ಚು ಮಾಡಲು ಒಪ್ಪದವರು ಮನೆಯಲ್ಲಿ ಬೋರ್ಡೋ ಕಲಸುವ ಹಕ್ಕಿನ ಬಗ್ಗೆಯಾಗಲಿ, ತಾತನ ಕಾಲದ ಪದ್ಧತಿಯ ಬಗ್ಗೆಯಾಗಲಿ ಮಾತಾಡದಿರುವುದು ಒಳ್ಳೆಯದು. ಅವರು ಉಳಿಸುತ್ತಿರುವುದು ಪದ್ಧತಿಯನ್ನಲ್ಲ, ಮುನ್ನೂರು ರೂಪಾಯಿಯನ್ನು.